ಕೊಕ್ಕರೆ ಅಲ್ಲ, ಸಿಮೆಂಟು

ಆಗ ಪುಟ್ಟೇನಹಳ್ಳಿಗೆ ಬಾರಪ್ಪ ಅಂದ್ರೆ ಜಯನಗರದ ಆಟೋದವನು ಮುಖ ತಿರುಗಿಸ್ಕೊಂಡು ಹೋಗ್ತಿದ್ದ. ಕೆರೆ ಏರಿ ಮೇಲೆ ನಡ್ಕೊಂಡೇ ಬರ್ಬೇಕು. ಏರಿ ದಾಟಿದ್ರೆ ರಾಗಿ ಹೊಲ, ಹೊಲ ದಾಟಿದ್ರೆ ನಮ್ಮನೆ. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಕೊಟ್ಟಿಗೆ, ಅದರ ಪಕ್ಕಕ್ಕೆ ಬಚ್ಚಲು. ಸೌದೆ ಹೊಗೆ, ಸಗಣಿ, ಬೇಯ್ತಿರೋ ಹುರುಳಿ, ಮೂರೂ ಸೇರಿ ಒಂದೇ ವಾಸನೆ ಆಗಿರ್ತಿತ್ತು. ಅದನ್ನ ನೆನೆಸ್ಕೊಂಡ್ರೆ ನಿಮಗೆಲ್ಲ ಕಣ್ಣಲ್ಲಿ ನೀರು ಬರಬಹುದು. ನಂಗೆ ಸಿಟ್ಟು ಬರತ್ತೆ.

ಸಿಟ್ಟು ನಮ್ಮ ದೊಡ್ಡಪ್ಪನ ಮೇಲೆ. ಅವರು ಸತ್ತು ಬೇಕಾದಷ್ಟು ವರ್ಷ ಆಯ್ತು. ಸತ್ತೋರ ಬಗ್ಗೆ ಹಂಗೆಲ್ಲ ಬರೀಬಾರ್ದು ಅಂತಾಳೆ ನನ್ನ ಮಗಳು. ಫೋನಲ್ಲಿ ಕನ್ನಡ ಒತ್ತೋದು ಕಲ್ಸಿದ್ದು ಅವಳೇ ತಾನೆ, ಅನುಭವಿಸ್ಲಿ.

ನಂಗಾಗ ಹನ್ನೊಂದು ವರ್ಷ. ಎಪ್ಪತ್ತೈದೋ ಎಪ್ಪತ್ತಾರೋ ಇಸವಿ. ಮನೇಲಿ ಅಪ್ಪ, ಅವ್ವ, ನಾನು, ಆಮೇಲೆ ಅಪ್ಪನ ಅಣ್ಣ ದೊಡ್ಡಪ್ಪ, ಅವರ ಹೆಂಡ್ತಿ ದೊಡ್ಡಮ್ಮ. ಅಪ್ಪ ಫ್ಯಾಕ್ಟ್ರಿ ಶಿಫ್ಟಿಗೆ ಹೋಗೋರು. ಯಜಮಾನಿಕೆ ಎಲ್ಲ ದೊಡ್ಡಪ್ಪಂದು. ಸಾರಿಗೆ ಉಪ್ಪು ಎಷ್ಟು ಹಾಕ್ಬೇಕು ಅನ್ನೋದ್ರಿಂದ ಹಿಡಿದು ಮಳೆ ಯಾವತ್ತು ಬರತ್ತೆ ಅನ್ನೋವರೆಗೂ ಎಲ್ಲಾ ಅವರಿಗೇ ಗೊತ್ತು.

ಆ ಮನೇಲಿ ನಂದು ಅಂತ ಇದ್ದಿದ್ದು ಒಂದು ಹ್ಯಾಟೆ ಕೋಳಿ. ಬಿಳೇಕಹಳ್ಳಿಯಿಂದ ಅವ್ವನ ತಾಯಿ, ನಮ್ಮಜ್ಜಿ, ಕಂಕುಳಲ್ಲಿ ಇರುಕ್ಕೊಂಡು ತಂದುಕೊಟ್ಟಿದ್ದು. "ಇದು ಮಗೀಂದು. ನೆಂಟ್ರು ಬಂದ್ರು ಅಂತ ಸಾರಿಗೆ ಹಾಕ್ಬಿಟ್ಟೀರ!" ಅಂತ ದೊಡ್ಡಪ್ಪನ ಮುಖಕ್ಕೇ ಹೇಳಿ ಹೋಗಿದ್ರು.

ಆ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಹ್ಯಾಟೆ ಕಾವಿಗೆ ಕೂತ್ಕೊಳ್ತು. ಕೊಟ್ಟಿಗೆ ಒಳಗೆ ಗೋಡೆ ಕಡೆ ಒಂದು ಬೆಚ್ಚಗಿನ ಮೂಲೆ ಇತ್ತು. ಅವ್ವ ಅಲ್ಲಿ ಬಿದಿರಿನ ಮಂಕ್ರಿ ಇಟ್ಟು, ಬೂದಿ ಉದುರಿಸಿ, ಹುಲ್ಲು ಹಾಸಿ, ಹದಿಮೂರು ಮೊಟ್ಟೆ ಇಟ್ರು. ಕೊನೇ ದಿನ ಮೊಟ್ಟೇನ ಕಿವಿ ಹತ್ರ ಹಿಡಿದ್ರೆ ಒಳಗಿಂದ ಟಿಕ್ ಟಿಕ್ ಅಂತ ಕುಟ್ಟೋದು ಕೇಳೋದು. ಹನ್ನೊಂದು ಮರಿ ಆಯ್ತು. ನಂಗೆ ಹನ್ನೊಂದು ವರ್ಷ, ವರ್ಷಕ್ಕೊಂದು ಮರಿ ಅಂತ ಊರೆಲ್ಲ ಸಾರ್ಕೊಂಡು ಬಂದೆ.

ಮರಿ ನೋಡ್ಕೊಳ್ಳೋದು ಹೆಂಗೆ ಅಂತ ಅವ್ವ ಹೇಳಿಕೊಟ್ರು. ಬೆಳಗ್ಗೆ ಮಂಕ್ರಿ ಎತ್ತಿ ಒಂದು ಹಿಡಿ ನುಚ್ಚು ಎರಚ್ಬೇಕು. "ಮೊದ್ಲು ಓಡಿ ಬರೋದನ್ನ ನೋಡ್ಬೇಡ ಕಣೇ. ಕೊನೇಲಿ ಬರೋದನ್ನ ನೋಡು" ಅನ್ನೋರು. ಕೊನೇಲಿ ಬರೋದನ್ನ ಎತ್ಕೊಂಡು, ಕಾಲು ತಣ್ಣಗಿದ್ಯಾ ಮುಟ್ಟಿ ನೋಡ್ಬೇಕು. ತಿರುಗಿಸಿ, ಹಿಂದುಗಡೆ ಉಫ್ ಅಂತ ಊದಿ ತುಪ್ಪಳ ಬಿಡಿಸಿ ನೋಡ್ಬೇಕು. ಬೆಳ್ಳಗೆ ಅಂಟ್ಕೊಂಡು ಗಟ್ಟಿಯಾಗಿದ್ರೆ ಕೀಳಬಾರ್ದು, ಚರ್ಮ ಬಂದ್ಬಿಡತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ನೆನೆಸಿ ನಿಧಾನಕ್ಕೆ ಒರೆಸಿ, ಒಂದು ಚೂರು ಹರಳೆಣ್ಣೆ ಸವರಿ, ಪೂರ್ತಿ ಒಣಗೋವರೆಗೂ ಮಡಿಲಲ್ಲೇ ಇಟ್ಕೋಬೇಕು. ಮೊದಲ್ನೇ ವಾರ ಹಂಗೆ ಎರಡು ಮರಿ ಉಳಿಸಿದ್ದೆ. ನನ್ನ ಲಂಗದ ತುಂಬ ಹರಳೆಣ್ಣೆ ವಾಸನೆ. ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ನಂಗೂ ಜಾಗ ಜಾಸ್ತಿ ಸಿಕ್ತು.

ದೊಡ್ಡಪ್ಪಂಗೆ ಆ ವರ್ಷ ರೂಮು ಕಟ್ಟೋ ಹುಚ್ಚು. ಈ ಕಡೆಗೆಲ್ಲ ಲೇಔಟ್ ಬರತ್ತೆ, ಬಾಡಿಗೆಗೆ ಜನ ಬರ್ತಾರೆ ಅಂತ ಮನೆ ಪಕ್ಕ ಪಾಯ ತೋಡಿಸಿದ್ರು. ಆಗ ಸಿಮೆಂಟ್ ಅಂಗಡೀಲಿ ಸುಮ್ನೆ ಸಿಗ್ತಿರ್ಲಿಲ್ಲ, ಪರ್ಮಿಟ್ ಬೇಕು. ಅಲೆದೂ ಅಲೆದೂ ಹದಿನೈದು ಮೂಟೆ ತಂದ್ರು. ಒಣಗಿರೋ ಜಾಗ ಅಂದ್ರೆ ಮನೇಲಿ ಒಂದೇ, ಆ ಕೊಟ್ಟಿಗೆ ಮೂಲೆ.

"ಕೋಳಿ ಎತ್ತಿ ಬಚ್ಚಲ ಗೋಡೆ ಪಕ್ಕ ಇಡಿ" ಅಂದ್ರು.

ಅವ್ವ ಸೆರಗು ಸರಿ ಮಾಡ್ಕೊಂಡು ಮೆಲ್ಲಗೆ ಅಂದ್ರು, "ಭಾವ, ಅಲ್ಲಿ ಬಚ್ಚಲ ನೀರು ಬರತ್ತೆ. ಮರಿ ಒದ್ದೆ ಆಗ್ತವೆ."

"ಸಿಮೆಂಟು ಒದ್ದೆ ಆದ್ರೆ ಕಲ್ಲಾಗತ್ತೆ. ಕೋಳಿಮರಿ ಒದ್ದೆ ಆದ್ರೆ ಒಣಗತ್ತೆ. ಅಷ್ಟೂ ಗೊತ್ತಾಗಲ್ವಾ?"

ಆ ಮಾತನ್ನ ಇವತ್ತಿಗೂ ನಾನು ಅವರ ಧ್ವನೀಲೇ ಹೇಳಬಲ್ಲೆ.

ಒಂದು ವಾರ ಆಯ್ತು. ಬೆಳಗ್ಗೆ ನುಚ್ಚು ಎರಚಿದ್ರೆ ಕೊನೇಲಿ ಬರೋದು ಅಂತ ಒಂದಲ್ಲ, ನಾಲ್ಕೈದು ಬರ್ಲೇ ಇಲ್ಲ. ರೆಕ್ಕೆ ಜೋಲು ಬಿಟ್ಕೊಂಡು, ಕತ್ತು ಒಳಗೆ ಎಳ್ಕೊಂಡು, ಚಳಿ ಹಿಡಿದಿರೋ ಮುದುಕರ ಥರ ಕಣ್ಮುಚ್ಕೊಂಡು ನಿಂತಿದ್ವು. ಕೆಳಗೆ ಹಾಸಿದ್ದ ಹುಲ್ಲು ಪಿಚಪಿಚ ಅಂತಿತ್ತು. ಹಿಕ್ಕೆ ನೋಡಿದ್ರೆ ಅದರಲ್ಲಿ ರಕ್ತ. ಅವ್ವ ಬೆಳ್ಳುಳ್ಳಿ ಅರೆದು, ಅರಿಶಿನದ ನೀರಲ್ಲಿ ಕಲಸಿ, ಒಂದೊಂದೇ ತೊಟ್ಟು ಕುಡಿಸಿದ್ರು. ಹುಲ್ಲು ಬದಲಾಯಿಸಿದ್ರು. ಸಾಯಂಕಾಲ ಯಾರಾದ್ರೂ ಸ್ನಾನ ಮಾಡಿದ್ರೆ ಮತ್ತೆ ಒದ್ದೆ. ಎರಡು ದಿನದಲ್ಲಿ ಮೂರು ಮರಿ ಸತ್ವು.

ಆ ಹೊತ್ತಿಗೆ ದೊಡ್ಡಪ್ಪ ಕತ್ರಿಗುಪ್ಪೆ ನೆಂಟರ ಮನೆಗೆ ಹೋಗಿ ಬಂದ್ರು. ಅಲ್ಲಿ ಕೊಕ್ಕರೆ ರೋಗ ಬಂದು ಅಷ್ಟೂ ಕೋಳಿ ಸತ್ತಿದ್ವಂತೆ. ಬಂದೋರು ಮಂಕ್ರಿ ಒಳಗೆ ಬಗ್ಗಿ ಕೂಡ ನೋಡ್ಲಿಲ್ಲ. ಜಗಲಿ ಮೇಲೆ ನಿಂತ್ಕೊಂಡೇ ಹೇಳಿದ್ರು, "ಕೊಕ್ಕರೆ ರೋಗ. ನಮ್ಮ ಕೆರೇಲಿ ಕೂತಿರ್ತವಲ್ಲ ಕೊಕ್ಕರೆಗಳು, ಅವುಗಳದ್ದೇ ಗಾಳಿ ಬಡಿದಿದೆ."

"ಭಾವ, ಇದು ಭೇದಿ ಅನ್ಸತ್ತೆ" ಅಂದ್ರು ಅವ್ವ.

"ನೀನೇನು ಡಾಕ್ಟ್ರಾ?"

ಇವರು ಡಾಕ್ಟ್ರಾ ಅಂತ ಯಾರೂ ಕೇಳ್ಲಿಲ್ಲ. ಹೆಗಲ ಮೇಲಿನ ಟವಲ್ ಬೀಸ್ಕೊಂಡು ಏರಿ ಮೇಲೆ ಹೋಗಿ ಕೊಕ್ಕರೆ ಓಡಿಸಿದ್ರು. ಅವು ಹಾರಿ, ಒಂದು ಸುತ್ತು ಹೊಡೆದು, ಆ ಕಡೆ ದಡದಲ್ಲಿ ಕೂತ್ವು. ಇವರು ಆ ಕಡೆ ಹೋದ್ರು. ಅವು ಈ ಕಡೆ ಬಂದ್ವು. ಬಟ್ಟೆ ಒಗೀತಿದ್ದ ಹೆಂಗಸ್ರು, "ಯಾಕಣ್ಣಾ, ಕೊಕ್ಕರೆ ಏನಾದ್ರೂ ಬೈದ್ವಾ ನಿಂಗೆ?" ಅಂತ ಬಿದ್ದು ಬಿದ್ದು ನಕ್ರು. ಆ ನಗು ಹೊತ್ಕೊಂಡು ಮನೆಗೆ ಬಂದೋರು ನಮ್ಮ ಮೇಲೆ ಇಳಿಸಿದ್ರು. ಮರಿ ಎಲ್ಲಾನೂ ಹೂತು ಹಾಕ್ಬೇಕು, ಇಲ್ದಿದ್ರೆ ಮನೇಲಿರೋ ಮಿಕ್ಕ ದೊಡ್ಡ ಕೋಳಿಗಳಿಗೂ ಬರತ್ತೆ ಅಂದ್ರು.

ಅವ್ವ ಅವತ್ತು ಮೊದಲ್ನೇ ಸಲ ಅವರ ಎದುರಿಗೆ ನಿಂತಿದ್ದು. "ನಾಳೆ ಸಾಯಂಕಾಲದವರೆಗೂ ಬಿಡಿ ಭಾವ. ಆಮೇಲೆ ನಿಮ್ಮಿಷ್ಟ."

"ಸರಿ. ಸಾಯಂಕಾಲ" ಅಂದ್ರು ದೊಡ್ಡಪ್ಪ. ನಾನು ಕೇಳಿಸ್ಕೊಂಡಿದ್ದೀನಿ. ದೊಡ್ಡಮ್ಮನೂ ಕೇಳಿಸ್ಕೊಂಡಿದ್ದಾರೆ.

ಬೆಳಗ್ಗೆ ಅವ್ವ ನನ್ನ ಸ್ಕೂಲ್ ಚೀಲದಿಂದ ಪುಸ್ತಕ ತೆಗೆದಿಟ್ಟು, ಹಳೇ ಪಂಚೆ ತುಂಡು ಮಡಿಸಿ ಹಾಸಿ, ಅದರಲ್ಲಿ ಎಲ್ಲಕ್ಕಿಂತ ಸುಸ್ತಾಗಿದ್ದ ಮರಿ ಮಲಗಿಸಿದ್ರು. "ಜಯನಗರದ ಕಡೆ ದನದ ಆಸ್ಪತ್ರೆ ಇದೆ. ಕೇಳ್ಕೊಂಡು ಹೋಗು. ಹಿಕ್ಕೇನೂ ಎಲೇಲಿ ಸುತ್ತಿಟ್ಟಿದ್ದೀನಿ, ತೋರಿಸು." ಮಿಕ್ಕ ಏಳು ಮರಿ ಹ್ಯಾಟೆ ಹತ್ರ ಇದ್ವು. ಅದರಲ್ಲಿ ನಾಲ್ಕು ಚೆನ್ನಾಗೇ ಇದ್ವು. ನಾನು ಹೊರಡೋವಾಗ ನುಚ್ಚು ತಿಂತಿದ್ವು.

ಆಸ್ಪತ್ರೇಲಿ ಎಮ್ಮೆ ಹಿಡ್ಕೊಂಡೋರು, ಕರು ಹಿಡ್ಕೊಂಡೋರು ಸಾಲಾಗಿ ನಿಂತಿದ್ರು. ನನ್ನ ಸರದಿ ಬಂದಾಗ ಕಾಂಪೌಂಡರ್ ಆಚೆ ಈಚೆ ನೋಡಿ, "ಹಸು ಎಲ್ಲಮ್ಮಾ?" ಅಂದ್ರು.

"ಚೀಲದಲ್ಲಿದೆ" ಅಂದೆ.

ನಕ್ರು, ಆದ್ರೆ ಮರಿನ ಕೈಗೆ ತಗೊಂಡ ಮೇಲೆ ನಗ್ಲಿಲ್ಲ. ನಮ್ಮವ್ವನ ಥರಾನೇ ಕಾಲು ಮುಟ್ಟಿದ್ರು, ಹಿಂದುಗಡೆ ಊದಿ ನೋಡಿದ್ರು. ಎಲೆ ಬಿಡಿಸಿ ಹಿಕ್ಕೆ ನೋಡಿದ್ರು.

"ನಮ್ಮ ದೊಡ್ಡಪ್ಪ ಇದು ಕೊಕ್ಕರೆ ರೋಗ ಅಂತಾರೆ. ಕೆರೆ ಕೊಕ್ಕರೆಯಿಂದ ಬಂತಂತೆ."

"ಹೆಸರಲ್ಲಿ ಕೊಕ್ಕರೆ ಇದ್ರೆ ಕೊಕ್ಕರೆ ತಂದ್ಕೊಡತ್ತಾ? ಆ ರೋಗದಲ್ಲಿ ಬಾಯಿ ತೆಗೆದು ಗೊರಗೊರ ಅಂತ ಉಸಿರಾಡ್ತವೆ, ಹಸಿರು ಭೇದಿ ಆಗತ್ತೆ, ಕತ್ತು ತಿರುಚ್ಕೊಳ್ತವೆ. ಇದರ ಕತ್ತು ನೆಟ್ಟಗಿದೆಯಲ್ಲಮ್ಮ. ಇದು ರಕ್ತಭೇದಿ. ಒದ್ದೇಲಿ ಇಟ್ಟಿದ್ರಾ?"

"ಬಚ್ಚಲ ಪಕ್ಕ."

"ಯಾರು ಅಲ್ಲಿಟ್ಟಿದ್ದು?"

"ಒಣ ಜಾಗದಲ್ಲಿ ಸಿಮೆಂಟಿದೆ ಸಾರ್."

ಅವರು ಎದ್ದು ಬೀರು ತೆಗೆದ್ರು. ಆಮೇಲೆ ಬಿಳೀ ಮಾತ್ರೆಗಳನ್ನ ಪೇಪರಲ್ಲಿ ಕಟ್ಟಿಕೊಟ್ಟು, ಪುಡಿ ಮಾಡಿ ಕುಡಿಯೋ ನೀರಿಗೆ ಎಷ್ಟು ಹಾಕ್ಬೇಕು ಅಂತ ಎರಡು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದ್ರು. ಕಾಯಿಲೆ ಇರೋವನ್ನ ಬೇರೆ ಇಡು, ಒಣ ಹೊಟ್ಟು ಹಾಸು, ಚೆನ್ನಾಗಿರೋವಕ್ಕೂ ಇದೇ ನೀರು ಕೊಡು ಅಂದ್ರು. "ಹೋಗು, ಉಳೀತವೆ."

ಉಳೀತವೆ ಅಂದ್ರು. ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಓಡಿಬಂದೆ.

ಮನೆ ಮುಟ್ಟಿದಾಗ ಇನ್ನೂ ಮಧ್ಯಾಹ್ನದ ಬಿಸಿಲು. ಹ್ಯಾಟೆ ಒಂದೇ ಅಂಗಳದಲ್ಲಿ ಅತ್ತಿಂದಿತ್ತ ಓಡಾಡ್ತಾ ಕೂಗ್ತಿತ್ತು. ಮಂಕ್ರಿ ಬೋರಲಾಗಿ ಬಿದ್ದಿತ್ತು. ಮೇಸ್ತ್ರಿ ಒಂದು ದಿನ ಮುಂಚೆನೇ ಬಂದಿದ್ನಂತೆ. ಪಾಯಕ್ಕೆ ಕಲ್ಲು ತುಂಬಿಸ್ಬೇಕಿತ್ತು. ಬೇರೆ ಗುಂಡಿ ತೋಡೋದ್ಯಾಕೆ ಅಂತ ದೊಡ್ಡಪ್ಪ ಏಳು ಮರೀನೂ ಪಾಯದೊಳಗೆ ಹಾಕಿ ಮಣ್ಣು ಎಳೆಸಿ, ಮೇಲೆ ಕಲ್ಲು ಜೋಡಿಸಿಬಿಟ್ಟಿದ್ರು.

"ಸಾಯಂಕಾಲ ಅಂದಿದ್ರಲ್ಲ ದೊಡ್ಡಪ್ಪ!"

"ಕೋಳಿಮರಿಗೆ ಸಾಯಂಕಾಲ ಆದ್ರೇನು, ಮಧ್ಯಾಹ್ನ ಆದ್ರೇನು, ಹೋಗೇ."

"ಅದು ಕೊಕ್ಕರೆ ರೋಗ ಅಲ್ಲ. ನಿಮ್ಮ ಸಿಮೆಂಟಿನ ರೋಗ. ಆಸ್ಪತ್ರೇಲಿ ಹೇಳಿದ್ರು. ನಿಮ್ಮ ಸಿಮೆಂಟೇ ಸಾಯಿಸಿದ್ದು!"

ಮೇಸ್ತ್ರಿ ಕರಣೆ ಹಿಡ್ಕೊಂಡು ಹಂಗೇ ನಿಂತ. ಕೆನ್ನೆಗೆ ಏಟು ಬಿತ್ತು. ಹೊಡೆದಿದ್ದು ದೊಡ್ಡಪ್ಪ ಅಲ್ಲ, ಅವ್ವ. ಹೊರಗಿನೋರ ಎದುರಿಗೆ ದೊಡ್ಡೋರ ಮೇಲೆ ಬಾಯಿ ಮಾಡಿದ್ದಕ್ಕೆ. ಆಮೇಲೆ ಒಳಗೆ ಕರ್ಕೊಂಡು ಹೋಗಿ, ಚಮಚದ ಹಿಂಭಾಗದಲ್ಲಿ ಮಾತ್ರೆ ಪುಡಿ ಮಾಡಿದ್ರು.

"ಹೂಳೋವಾಗ ಜೀವ ಇತ್ತಾ ಅವ್ವ?"

ಅವ್ವ ಪುಡಿನ ನೀರಿಗೆ ಹಾಕಿ ಕದಡಿದ್ರು. ಒಲೆ ಹತ್ರ ಇದ್ದ ದೊಡ್ಡಮ್ಮ ಹೇಳಿದ್ರು. "ಕೂಗ್ತಾ ಇದ್ವು ಕಣೇ."

ಚೀಲದಲ್ಲಿದ್ದ ಮರಿ ಉಳೀತು. ಐದನೇ ದಿನ ನನ್ನ ಬೆರಳು ಕುಕ್ಕಿ ನುಚ್ಚು ಕೇಳ್ತು. ಬೆಳೆದು ಹುಂಜ ಆಯ್ತು, ಎಂಥ ಹುಂಜ ಅಂತೀರ! ದೊಡ್ಡಪ್ಪನ ಪಂಚೆ ಕಂಡ್ರೆ ಸಾಕು, ಹಿಂದಿಂದ ಬಂದು ಹಾರೋದು. ಅದಕ್ಕೆ ತರಬೇತಿ ಯಾರು ಕೊಟ್ರೋ ನಂಗೊತ್ತಿಲ್ಲಪ್ಪ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಅದನ್ನ ಕುಯ್ಯೋಣ ಅಂತ ದೊಡ್ಡಪ್ಪ ಅಂದ ದಿನವೇ ಬಿಳೇಕಹಳ್ಳಿ ಅಜ್ಜಿ ಮನೆಗೆ ಸಾಗಿಸಿಬಿಟ್ಟೆ.

ನಂಗೆ ಹೊಟ್ಟೆ ಉರಿಯೋದು ಇದಕ್ಕೆ: ಆಮೇಲೆ ದೊಡ್ಡಪ್ಪ ಬಂದ ಬಂದೋರಿಗೆಲ್ಲ ಹೇಳೋರು, "ಅವತ್ತು ನಾನು ಧೈರ್ಯ ಮಾಡಿ ಹೂತು ಹಾಕಿದ್ದಕ್ಕೇ ಮಿಕ್ಕ ಕೋಳಿ ಉಳಿದಿದ್ದು." ಅಪ್ಪ ತಲೆ ಆಡಿಸೋರು. ಅವ್ವ ಕಾಫಿ ಲೋಟ ಇಟ್ಟು ಒಳಗೆ ಹೋಗೋರು. ಆ ವರ್ಷದಿಂದ ಅವ್ವ ಕಾವಿಗೆ ಕೋಳಿ ಕೂರಿಸ್ಲೇ ಇಲ್ಲ. ಮೊಟ್ಟೆ ಇಡೋದೇ ತಡ, ಬೇಯಿಸಿಬಿಡೋರು. ಯಾಕೆ ಅಂತ ಯಾರೂ ಕೇಳ್ಲಿಲ್ಲ. ಒಂದು ಮರಿ ಕೈಗೆ ತಗೊಂಡು, ಊದಿ ನೋಡಿ, ಇದಕ್ಕೆ ಏನಾಗಿದೆ ಅಂತ ಹೇಳೋ ವಿದ್ಯೆ ಅವ್ವನ ಕೈಯಲ್ಲಿ ಪೂರ್ತಿ ಇತ್ತು, ನನ್ನ ಕೈಗೆ ಅರ್ಧ ಬಂತು, ನನ್ನಿಂದ ಮುಂದೆ ಯಾರಿಗೂ ಹೋಗ್ಲಿಲ್ಲ.

ಹಳೇದನ್ನ ಬಿಟ್ಬಿಡ್ಬೇಕು, ಬಿಪಿ ಜಾಸ್ತಿ ಆಗತ್ತೆ ಅಂತಾರೆ. ನಾನು ಬಿಡಲ್ಲ. ಅಪ್ಪ ಇಲ್ಲ, ಅವ್ವ ಇಲ್ಲ, ದೊಡ್ಡಮ್ಮನೂ ಇಲ್ಲ. ಆ ನಾಲ್ಕು ಮರಿ ಅವತ್ತು ಬೆಳಗ್ಗೆ ನುಚ್ಚು ತಿಂತಿದ್ವು ಅಂತ ಗೊತ್ತಿರೋಳು ಈಗ ನಾನೊಬ್ಳೇ. ನಾನೂ ಸಿಟ್ಟು ಬಿಟ್ರೆ, ಕೊನೆಗೆ ದೊಡ್ಡಪ್ಪ ಹೇಳಿದ್ದೇ ನಿಜ ಅಂತ ಆಗೋಗತ್ತೆ.