ಮೂರನೇ ಗೇರು

ಗೇರ್‌ಬಾಕ್ಸ್ ಬಿಚ್ಚಿ, ಹಲ್ಲುಚಕ್ರಗಳನ್ನು ಬೆರಳಲ್ಲಿ ಸವರಿ ನೋಡುವುದು ಅವಳ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ‘ಹಲ್ಲಿನ ಡಾಕ್ಟರಮ್ಮ’. ಗಂಡನ ಗ್ಯಾರೇಜಿನ ಹಿಂಬದಿಯಲ್ಲಿ, ಕೊಳೆತ ಮೊಟ್ಟೆಯಂತೆ ನಾರುವ ಗೇರ್ ಎಣ್ಣೆಯ ನಡುವೆ ಕೂತು, ಡ್ರ್ಯಾಗ್ ರೇಸಿನ ಕಾರುಗಳಿಗೆ ಗೇರು ಹೊಂದಿಸಿಕೊಡುತ್ತಿದ್ದಳು. ನೇರ ದಾರಿ, ಎರಡೇ ಕಾರು, ಉಸಿರು ಬಿಡುವಷ್ಟರಲ್ಲಿ ಮುಗಿಯುವ ಓಟ. ಮೊದಲ ಗೇರಿನ ಎಳೆತ ಅತಿಯಾದರೆ ಚಕ್ರ ನಿಂತಲ್ಲೇ ತಿರುಗಿ ಬರೀ ಹೊಗೆ; ಸಾಲದಿದ್ದರೆ ಎಂಜಿನ್ನಿಗೆ ಏದುಸಿರು.

“ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ಗಾಡಿ ಮುಂದಕ್ಕೆ ಹೋಗುತ್ತಾ? ಎಂಜಿನ್ನಿಗೂ ಗೇರಿಗೂ ಜೋಡಿ ಕೂಡಬೇಕು” ಎನ್ನುತ್ತಿದ್ದಳು.

ಮೈದುನ ರೇಸಿನಲ್ಲಿ ಕಾರು ಓಡಿಸುತ್ತಿದ್ದ. ಅವನನ್ನು ಸೋಲಿಸಬಲ್ಲವನೆಂದರೆ ಬೇಕರಿಯವನೊಬ್ಬನೇ. ಆ ಬೇಕರಿಯವನೇ ರೇಸಿನ ಹಿಂದಿನ ದಿನ ಕಾರು ತಂದು ನಿಲ್ಲಿಸಿದ.

“ಅಕ್ಕಾ, ಮೂರನೇ ಗೇರಿಗೆ ಹಾಕಿದ ಕೂಡ್ಲೇ ಗಾಡಿ ಸತ್ತೇ ಹೋಗುತ್ತೆ, ನೋಡಿ.”

ಅವಳು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದಳು. ಎರಡಕ್ಕೂ ಮೂರಕ್ಕೂ ಅಂತರ ಹೆಚ್ಚು; ಗೇರು ಬದಲಿಸಿದಾಗ ಎಂಜಿನ್ನಿನ ವೇಗ ಕುಸಿದು, ಮತ್ತೆ ಏರುವಷ್ಟರಲ್ಲಿ ಓಟವೇ ಮುಗಿದಿರುತ್ತಿತ್ತು. ಎರಡನೆಯದಕ್ಕೆ ಹತ್ತಿರವಾದ ಮೂರನೇ ಗೇರಿನ ಜೋಡಿಯೊಂದನ್ನು ಅವಳು ಆರಿಸಿಟ್ಟಳು.

ಊಟಕ್ಕೆ ಕೂತಾಗ ಗಂಡ ಮಾತು ತೆಗೆದ. “ಲೇ, ಹಳೇದನ್ನೇ ತೊಳೆದು ಹಾಕು. ಹೊಸದು ಅನ್ನು, ಅಷ್ಟೆ.”

“ಅವನಿಗೆ ಗೊತ್ತೇ ಆಗಲ್ಲ ಅತ್ತಿಗೆ” ಎಂದು ಮೈದುನ ತುತ್ತು ತುಂಬಿದ ಬಾಯಿ ತೆರೆದು ನಕ್ಕ. ಅಗಿದ ಅನ್ನ ನಾಲಿಗೆಯ ಮೇಲೆ ಕಾಣಿಸಿತು.

“ನಂಬಿ ಬಂದವನ ಗಾಡಿ ಕಣ್ರೀ. ನಿಮಗೆ ನಾಚಿಕೆ ಅನ್ನೋದೇ ಇಲ್ವಾ?” ಎಂದು ತಟ್ಟೆ ಸರಿಸಿ ಎದ್ದಳು. ಸಂಜೆಯೊಳಗೆ ತಾನು ಆರಿಸಿದ ಜೋಡಿಯನ್ನೇ ಕೂರಿಸಿ, ಪೆಟ್ಟಿಗೆ ಮುಚ್ಚಿದಳು. ಕಾರು ಅಂದು ಗ್ಯಾರೇಜಿನಲ್ಲೇ ಉಳಿಯಿತು.

ಬೆಳಿಗ್ಗೆ ಕಾರುಗಳೆಲ್ಲ ರೇಸಿಗೆ ಹೋದ ಮೇಲೆ ಕೈ ಒರೆಸಲು ಚಿಂದಿ ಬಟ್ಟೆಯ ರಾಶಿಗೆ ಕೈ ಹಾಕಿದಳು. ಗಟ್ಟಿಯಾದದ್ದೇನೋ ತಾಗಿತು. ಎಳೆದು ನೋಡಿದರೆ ಅವಳೇ ಕೂರಿಸಿದ್ದ ಮೂರನೇ ಗೇರು. ಅವಳು ಮಲಗಿದ ಮೇಲೆ ಅಣ್ಣತಮ್ಮಂದಿರು ಪೆಟ್ಟಿಗೆ ಬಿಚ್ಚಿ ಹಳೆಯದನ್ನೇ ತುರುಕಿದ್ದರು. ಆಮೇಲೆ ಬಂದು ತನ್ನ ಹಾಸಿಗೆಯಲ್ಲೇ ಪಕ್ಕದಲ್ಲಿ ಮಲಗಿದ್ದವನ ಕೈ ನೆನೆದು ಅವಳ ಮೈ ಮುದುರಿತು.

ಗೇರನ್ನು ಚೀಲಕ್ಕೆ ಹಾಕಿಕೊಂಡು ರೇಸ್ ನಡೆಯುವ ಹಳೇ ರನ್‌ವೇಗೆ ಹೋದಳು. ಸುಟ್ಟ ಟೈರಿನ ಹೊಗೆ, ಕಿವಿಗಡಚಿಕ್ಕುವ ಸದ್ದು. ಎಲ್ಲರೆದುರು ಬೇಕರಿಯವನ ಕೈಗೆ ಗೇರು ಕೊಟ್ಟಳು.

“ನಿನ್ನ ಗಾಡಿಲಿ ಇರಬೇಕಾದದ್ದು ಇದು. ನಾನು ಹಾಕಿದ್ದೆ, ಇವರು ತೆಗೆದ್ರು. ಇವತ್ತು ಓಡಿಸ್ಬೇಡ.”

“ಇವಳಿಗೆ ತಲೆ ಕೆಟ್ಟಿದೆ” ಎಂದು ಗಂಡ ಹಲ್ಲು ಕಿರಿದ. ಯಾರೂ ನಗಲಿಲ್ಲ. ಮೈದುನ ಹೆಲ್ಮೆಟ್ ಹಾಕಿ ಮುಖ ಮುಚ್ಚಿಕೊಂಡ.

ಬೇಕರಿಯವನು ಅವಳನ್ನು ಪಕ್ಕಕ್ಕೆ ಕರೆದ. ಕೈ ಮುಗಿದಾನು ಅಂದುಕೊಂಡಳು. ಅವನು ಪಿಸುಗುಟ್ಟಿದ: “ಮುಂದಿನ ಸಲ ನಿಮ್ಮ ಮೈದುನನ ಗಾಡಿಗೂ ಹೀಗೇ ಮಾಡ್ಬಿಡಿ ಅಕ್ಕಾ. ನೀವು ಮನೆಯವರು, ಯಾರಿಗೂ ಅನುಮಾನ ಬರಲ್ಲ.”

“ಥೂ!” ಎಂದಳು. “ನಿನ್ನನ್ನೂ ಅವರನ್ನೂ ಒಂದೇ ಎಣ್ಣೇಲಿ ಅದ್ದಿ ತೆಗೆದಿದಾರೆ.”

ಅವಳು ಮನೆಗೆ ಹಿಂತಿರುಗಲಿಲ್ಲ. ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ ಬೆಂಚು ಹಾಕಿ, ಲಾರಿ, ಬಸ್ಸು, ಕಸದ ಗಾಡಿಗಳ ಗೇರ್‌ಬಾಕ್ಸ್ ಹಿಡಿದಳು. ಕಸದ ಗಾಡಿಯ ನಾತ ನೇರವಾಗಿ ಮೂಗಿಗೆ ಹೊಡೆಯುತ್ತದೆ, ಅದಕ್ಕೊಂದು ಮರ್ಯಾದೆಯಿದೆ ಎಂದು ಅಕ್ಕನಿಗೆ ಹೇಳಿದಳು.

ಗಂಡ ಕರೆಯಲು ಬಂದದ್ದು ಒಂದೇ ಸಲ. “ಎಲ್ಲಾರೂ ಮಾಡೋದೇ ಅಲ್ವಾ?” ಎಂದ. ಅವಳು ಸುತ್ತಿಗೆಯ ಸದ್ದು ನಿಲ್ಲಿಸಲಿಲ್ಲ.

ಎಷ್ಟೋ ಕಾಲದ ಮೇಲೆ ಮೈದುನ ಬಂದ. ಅಣ್ಣ ಹಾಕಿಕೊಟ್ಟ ಗೇರಿನಲ್ಲಿ ಕಾರು ವೇಗವನ್ನೇ ಹಿಡಿಯುತ್ತಿಲ್ಲವಂತೆ. “ಅತ್ತಿಗೆ, ನೀವೇ ಗತಿ.”

ಅವಳು ಎಂಜಿನ್ನಿನ ಬಲ, ಟೈರಿನ ಎತ್ತರ, ಕಾರಿನ ತೂಕ ಕೇಳಿ ಬರೆದುಕೊಂಡು, ಸರಿಯಾದ ಜೋಡಿಯನ್ನೇ ಕೂರಿಸಿಕೊಟ್ಟಳು. ಅವನು ಕಾಲು ಮುಟ್ಟಲು ಬಗ್ಗಿದಾಗ ಥಟ್ಟನೆ ಹಿಂದೆ ಸರಿದಳು.

“ಮುಟ್ಬೇಡ. ತಗೊಂಡು ಹೋಗು.”