ಸಾವಂತ್ರೆವ್ವನ ಎತ್ತು ಮನೆಗೆ ಹೊರಟಿದೆ

ಗೋಕಾಕದ ಬಳಿಯ ಧುಪದಾಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದನವಿಲ್ಲದ ಕೊಟ್ಟಿಗೆಯಲ್ಲಿ ಸಾವಂತ್ರೆವ್ವ ಹಲಗೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಲಗೆಯ ಮೇಲೆ ಅಂಗೈಯಗಲದ ಮಣ್ಣಿನ ಎತ್ತು. ಅದರ ಮುಂಗಾಲನ್ನು ಜೋಳದ ಕಾಳಿನಷ್ಟು ಮುಂದೆ ಸರಿಸಿ ಕೈ ಹಿಂದೆಗೆಯುತ್ತಾರೆ. "ಹೂಂ, ಹೊಡಿ."

ಕ್ಯಾಮೆರಾದ ಹಿಂದೆ ನಿಂತ ಅನುರಾಧಾ ಒಂದು ಫೋಟೊ ಹೊಡೆಯುತ್ತಾಳೆ. ಮತ್ತೆ ಕಾಲು, ಮತ್ತೆ ಫೋಟೊ. ಇಂಥ ಹನ್ನೆರಡು ಫೋಟೊ ಒಂದರ ಹಿಂದೊಂದು ಓಡಿದರೆ ಪರದೆಯ ಮೇಲೆ ಎತ್ತು ಒಂದು ಸೆಕೆಂಡು ನಡೆಯುತ್ತದೆ. ಬಿಸಿಲೇರಿದರೆ ಹಸಿಮಣ್ಣು ಬಿರಿಯುತ್ತದೆ. ಸಾವಂತ್ರೆವ್ವನಿಗೂ ಕಬ್ಬಿನ ಕಳೆ ತೆಗೆಯಲು ಕೂಲಿಗೆ ಹೋಗಬೇಕು. ಸಿನಿಮಾ ಏನಿದ್ದರೂ ಈ ಹೊತ್ತಿನಲ್ಲೇ.

ಮೂಡಲಗಿಯ ಅನುರಾಧಾ ಗೋಕಾಕದ ಸ್ಟುಡಿಯೊವೊಂದರಲ್ಲಿ ಮದುವೆ ವಿಡಿಯೊ ಜೋಡಿಸುವವಳು. ನಿರ್ದೇಶಕಿಯಾಗಿ ಇದು ಅವಳ ಮೊದಲ ಕಿರುಚಿತ್ರ. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆ ಮಾಡಿಸಿಕೊಂಡ ಎತ್ತು, ನೀರಿಗೆ ಬಿಡುವ ದಿನ ಒಲ್ಲೆನೆಂದು ಎದ್ದು ಮನೆಗೆ ನಡೆದುಬಿಡುತ್ತದೆ. ಅಷ್ಟೇ ಕಥೆ. ಓಣಿಗೆಲ್ಲ ಮಣ್ಣೆತ್ತು ಮಾಡಿಕೊಡುವ ಸಾವಂತ್ರೆವ್ವನನ್ನು ಅವಳು ಹುಡುಕಿಕೊಂಡು ಬಂದದ್ದು ಅದಕ್ಕೇ.

ಕಟ್ಟೆಯ ಮೇಲಿಂದ ಗಂಡ ಪರಸಪ್ಪನ ಚುಚ್ಚುಮಾತು ತೇಲಿ ಬರುತ್ತದೆ. "ಖರೆ ಎತ್ತ ಹೋದ್ವು. ಈಗ ಮಣ್ಣಿಂದ ನಡಸಾಕ ಹೊಂಟಾಳ ನೋಡ್ರಿ!"

"ಮಾರಿದವ್ರ ಯಾರ್ರಿ? ಟ್ರ್ಯಾಕ್ಟರ್ ಬಂತಂತ ಕುಣದಾಡಿದ್ರಿ. ಇದನ್ನ ಮಾರಾಕ ನಾ ಬಿಡೂದಿಲ್ಲ."

ಸಾವಂತ್ರೆವ್ವನ ಕೈಗೊಂದು ಚಾಳಿ. ಮಣ್ಣೆತ್ತು ಮಾಡಿ ಮುಗಿಸಿದಾಗ ಹೆಬ್ಬೆರಳನ್ನು ನೀರಲ್ಲಿ ಅದ್ದಿ ಅದರ ಹಿಣಿಲನ್ನು, ಬೆನ್ನ ಮೇಲಿನ ಡುಬ್ಬವನ್ನು, ಒಮ್ಮೆ ಒತ್ತುತ್ತಾರೆ. ಶೂಟಿಂಗಿನಲ್ಲೂ ಹಾಗೆಯೇ, ಕಾಲು ಸರಿಸಿದಾಗಲೆಲ್ಲ ಕೈ ತಾನಾಗಿ ಒತ್ತಿದೆ. ಮೊದಲ ಸಲ ಓಡಿಸಿ ನೋಡಿದರೆ, ಫೋಟೊದಿಂದ ಫೋಟೊಗೆ ಬೆರಳಿನ ಗುರುತು ಬದಲಾಗಿ, ಎತ್ತಿನ ಬೆನ್ನು ಸಣ್ಣಗೆ ನಡುಗುತ್ತಿದೆ! ಅನುರಾಧಾ ತಲೆಯ ಮೇಲೆ ಕೈ ಹೊತ್ತಳು.

"ಮಾವಶಿ, ಎಲ್ಲಾ ಕೆಟ್ಟೋತು."

"ಏನ ಕೆಟ್ಟೈತಿ? ನೊಣ ಕುಂತ್ರ ಎತ್ತ ಮೈ ಅದರಸೂದಿಲ್ಲೇನ?"

ಚಿತ್ರ ತೋರಿಸಲು ಒಪ್ಪಿದ್ದ ದೊಡ್ಡ ಊರಿನ ಸಂಸ್ಥೆಯವರಿಗೆ ಈ ಅದುರಾಟ ಹಿಡಿಸಲಿಲ್ಲ. ಬೆರಳಿನ ಗುರುತುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೊಡಿ, ಇಲ್ಲವಾದರೆ ಚಿತ್ರ ಬೇಡ ಎಂದರು. ಅನುರಾಧಾಗೆ ತೆರೆದ ಮೊದಲ ಬಾಗಿಲು ಅದು. ಅವಳು ಅಳಿಸಲು ಕೂತೂ ಆಗಿತ್ತು. ಸಾವಂತ್ರೆವ್ವ ಕೆರಳಿದರು.

"ಕಬ್ಬ ಕಡದವ್ರ ಕೈ ಸಕ್ರಿಯೊಳಗ ಕಾಣೂದಿಲ್ಲ. ಇದರಾಗರೆ ಕಾಣ್ಲಿ. ಅಳಸೂದಾದ್ರ ನನ್ನ ಎತ್ತ ನನಗ ಕೊಡು ಯವ್ವಾ, ಹೊಳಿಗೆ ಬಿಡತೇನಿ."

ದನಿ ಏರಿದ್ದು ಕೇಳಿ ಪರಸಪ್ಪ ಒಳಗೆ ಬಂದರು. ಲ್ಯಾಪ್‌ಟಾಪಿನಲ್ಲಿ ಎತ್ತು ಕಾಲುವೆಯ ದಂಡೆ ಹಿಡಿದು ಬರುತ್ತಿತ್ತು, ಬೆನ್ನು ಅದುರುತ್ತಿತ್ತು. ನೋಡುತ್ತ ನಿಂತವರು ಹೆಗಲ ಟವೆಲ್ ತೆಗೆದು, ನೊಣ ಓಡಿಸುವ ಹಾಗೆ, ಪರದೆಯತ್ತ ಬೀಸಿಯೇ ಬಿಟ್ಟರು. ಆಮೇಲೆ ನಾಚಿ ಅದೇ ಟವೆಲ್ಲಿನಿಂದ ಮುಖ ಒರೆಸಿಕೊಂಡರಂತೆ.

"ಅಲ್ಲೇ ಫೋನ್ ಹಚ್ಚಿದೆ. ಅಳಸೂದಿಲ್ರಿ ಅಂದ್ಬಿಟ್ಟೆ," ಎನ್ನುತ್ತಾಳೆ ಅನುರಾಧಾ. ಸಂಸ್ಥೆ ಚಿತ್ರವನ್ನು ಕೈಬಿಟ್ಟಿತು. ಬರುವ ಮಣ್ಣೆತ್ತಿನ ಅಮಾವಾಸ್ಯೆಯ ಸಂಜೆ ಇದೇ ಊರಿನ ಸುಣ್ಣ ಬಳಿದ ಗೋಡೆಯೊಂದರ ಮೇಲೆ ತೋರಿಸುತ್ತಾರೆ. ಗೋಡೆ ಗೊತ್ತುಮಾಡಿ ಬಂದವರು ಪರಸಪ್ಪ.

ಇವತ್ತು ಕೊನೆಯ ದೃಶ್ಯ. ಎತ್ತು ಮನೆಯ ಹೊಸ್ತಿಲಿಗೆ ಬಂದು ನಿಂತಿದೆ. ಹೊರಗೆ ಕೂಲಿಯ ಹೆಂಗಸರು ಕೂಗು ಹಾಕುತ್ತಾರೆ. "ಬಂದೆ ತಡೀರೆವಾ," ಎಂದು ಉತ್ತರ ಕೊಟ್ಟು ಸಾವಂತ್ರೆವ್ವ ವರದಿಗೆಂದು ಬಂದ ನಮ್ಮ ಕಡೆ ತಿರುಗುತ್ತಾರೆ.

"ಗ್ವಾಡಿ ಮ್ಯಾಲ ಎತ್ತ ಆಳೆತ್ತರ ಕಾಣತೈತಂತ. ನನ್ನ ಹೆಬ್ಬಟ್ಟಿನ ಗುರ್ತೂ ಅಷ್ಟ ದೊಡ್ಡದ ಕಾಣ್ಬೇಕ್ರಿ. ಮತ್ತೇನ ಕೇಳ್ಲಿ?"

ಹೆಬ್ಬೆರಳನ್ನು ನೀರಲ್ಲಿ ಅದ್ದಿ, ಹಿಣಿಲಿನ ಮೇಲೆ ಎಂದಿಗಿಂತ ಗಟ್ಟಿಯಾಗಿ ಒತ್ತುತ್ತಾರೆ.

"ಹೊಡಿ. ಇನ್ನ ಅಳಸ್ಲಿ ನೋಡೂಣು."