ಅಳೆದು ನೋಡಿ ಎಂದ ಕೋರ್ಟು

ನನ್ನ ಅಕ್ಕನಿಗೆ ಎರಡನೆಯ ವರ್ಷದಲ್ಲೇ ಪೋಲಿಯೊ ಬಂದು ಕಾಲುಗಳು ಸೋತಿದ್ದವು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ವಿಜಯನಗರದ ನಮ್ಮ ಮನೆಯ ಮುಂಬಾಗಿಲಿಗೆ ಐದು ಮೆಟ್ಟಿಲು. ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದರೆ ಮಾತ್ರ ಗಾಡಿ ಒಳಗೆ ಬರುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಪಕ್ಕದ ಮನೆಯವರು, ಓಣಿ ತಮ್ಮ ಸೈಟಿಗೆ ಸೇರಿದ್ದು ಎಂದು ಅಲ್ಲಿ ಅಡ್ಡಗೋಡೆ ಕಟ್ಟಿಬಿಟ್ಟರು.

ಅಪ್ಪ ಹೈಸ್ಕೂಲ್ ಮೇಷ್ಟ್ರು, ಜಗಳವಾಡಿ ಗೊತ್ತಿಲ್ಲದವರು. ಬೆಳಿಗ್ಗೆ ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲಿಳಿಯುವರು, ಸಂಜೆ ಎತ್ತಿಕೊಂಡು ಹತ್ತುವರು. ಮಳೆ ಬಂದರೆ ಗಾಡಿ ಬೀದಿಯಲ್ಲೇ ನೆನೆಯುತ್ತಿತ್ತು. ಇಪ್ಪತ್ತು ವರ್ಷದ ಅಕ್ಕ, ಬೀದಿಯವರು ನೋಡುತ್ತಾರೆಂದು ಮುಖವನ್ನು ಅಪ್ಪನ ಹೆಗಲಿಗೆ ಒತ್ತಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ಅವಳೇ ಹೇಳಿದಳು: "ಅಪ್ಪಾ, ಕೋರ್ಟಿಗೆ ಹೋಗೋಣ. ನಿಮಗೂ ವಯಸ್ಸಾಗ್ತಾ ಇದೆ."

ರಾಜಾಜಿನಗರದ ಒಬ್ಬ ವಯಸ್ಸಾದ ವಕೀಲರು ನಮ್ಮ ಕೇಸು ಹಿಡಿದರು. ಮುನ್ಸೀಫ್ ಕೋರ್ಟಿನಲ್ಲಿ ಸೋತೆವು. ಅಪೀಲು ಹೋದಾಗ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಕೋರ್ಟಿನ ಪರವಾಗಿ ಸ್ಥಳ ನೋಡುವ ಕಮಿಷನರನ್ನು ಕಳಿಸಿ ಜಾಗ ಅಳೆಸಿ, ಆಮೇಲೆ ಹೊಸದಾಗಿ ತೀರ್ಮಾನಿಸಿ ಎಂದು ಕೇಸನ್ನು ಮತ್ತೆ ಅದೇ ಮುನ್ಸೀಫರ ಬಳಿಗೆ ಕಳಿಸಿತು. ಗೆದ್ದಷ್ಟೇ ಖುಷಿಯಾಯಿತು ನಮಗೆ. ಆದರೆ ಮುನ್ಸೀಫರು, ಕ್ರಯಪತ್ರಗಳಲ್ಲೇ ಎಲ್ಲ ಸ್ಪಷ್ಟವಾಗಿದೆ, ಅಳತೆ ಬೇಕಿಲ್ಲ ಎಂದು ಮೊದಲಿನ ತೀರ್ಪನ್ನೇ ಇನ್ನೊಮ್ಮೆ ಕೊಟ್ಟರು.

ಆವತ್ತು ವಕೀಲರ ಮನೆಯಲ್ಲಿ ಅಪ್ಪ ಕುಗ್ಗಿ ಕೂತಿದ್ದರು. ನಾನೂ ಜೊತೆಯಲ್ಲಿದ್ದೆ.

"ಮೇಲಿನವರು ಹೇಳಿದ್ದನ್ನೇ ಇವರು ಕೇಳ್ಲಿಲ್ಲ ಅಂದ್ಮೇಲೆ ನಮ್ಮಂಥೋರ ಮಾತು ಯಾರು ಕೇಳ್ತಾರೆ ಸಾರ್? ಬಿಟ್ಬಿಡೋಣ."

"ಕೇಳಲೇಬೇಕು ಮೇಷ್ಟ್ರೇ," ಎಂದರು ವಕೀಲರು. "ಮೇಲಿನ ಕೋರ್ಟ್ ಹೇಳಿದ್ದು ತಪ್ಪು ಅಂತ ಅವರಿಗೆ ಅನ್ನಿಸ್ಬಹುದು. ಅನ್ನಿಸ್ಲಿ. ಆದ್ರೂ ಮಾಡ್ಬೇಕು. ಅದು ಸಲಹೆ ಅಲ್ಲ, ಆಜ್ಞೆ. ಇಲ್ದಿದ್ರೆ ಅಪೀಲ್ ಅಂತ ಯಾಕಿರ್ಬೇಕು? ಇನ್ನೊಂದ್ಸಲ ಹೋಗ್ತೀವಿ."

ಅಪ್ಪ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಎರಡನೆಯ ಅಪೀಲಿಗೆ ಸುಮಾರು ಎರಡು ವರ್ಷ ಹಿಡಿಯಿತು. ಮೇಲಿನ ಕೋರ್ಟು ಆ ತೀರ್ಪನ್ನೂ ರದ್ದು ಮಾಡಿ, ತಾನು ಹೇಳಿದ್ದನ್ನು ಕೆಳಗಿನ ಕೋರ್ಟು ಪಾಲಿಸಲೇಬೇಕೆಂದು ಈ ಸಲ ಖಡಾಖಂಡಿತವಾಗಿ ಬರೆದಿತ್ತು. ಕೇಸು ಮತ್ತೆ ಅದೇ ಮುನ್ಸೀಫರ ಮುಂದೆ ಬಂತು. ಅವರಿಗೆ ಸಿಟ್ಟು ಬರುತ್ತದೆಂದು ನಾನು ಹೆದರಿ ಕೂತಿದ್ದೆ. ಅವರು ಆದೇಶವನ್ನು ಪೂರ್ತಿ ಓದಿ, ಕನ್ನಡಕ ತೆಗೆದು, ತುಂಬಿದ ಕೋರ್ಟಿನಲ್ಲಿ ಹೇಳಿದರು:

"ಹೋದ ಸಲಾನೇ ನಾನು ಇದನ್ನ ಪಾಲಿಸ್ಬೇಕಿತ್ತು. ನನ್ನ ಅಭಿಪ್ರಾಯ ಏನೇ ಇರ್ಲಿ, ಬಿಡೋ ಅಧಿಕಾರ ನನಗಿರ್ಲಿಲ್ಲ. ನನ್ನಿಂದ ಈ ಜನಕ್ಕೆ ಎರಡು ವರ್ಷ ಹೋಯ್ತು."

ಅಪ್ಪ ಕೂತಲ್ಲೇ ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

ಮುಂದಿನ ವಾರವೇ ಕಮಿಷನರು ಸರ್ವೇಯರ್ ಜೊತೆ ಬಂದರು. ಸರ್ವೇಯರ್ ಅಳತೆಯ ಸರಪಳಿಯ ಒಂದು ತುದಿಯನ್ನು ಅಪ್ಪನ ಕೈಗೆ, ಇನ್ನೊಂದನ್ನು ಪಕ್ಕದ ಮನೆಯವರ ಕೈಗೆ ಕೊಟ್ಟರು. ವರ್ಷಗಟ್ಟಲೆ ಮಾತಿಲ್ಲದ ಇಬ್ಬರೂ "ಸ್ವಲ್ಪ ಎಳೀರಿ", "ಬಿಡಿ, ಸಾಕು" ಎನ್ನುತ್ತಾ ಅಳೆದರು. ಓಣಿ ಬಿಟ್ಟೂ ಅವರ ಸೈಟು ಪೂರ್ತಿ ಇತ್ತು. ನಮ್ಮದೂ ಅಷ್ಟೇ. ಜಾಗ ಮಾರಿದವರು ಎರಡೂ ಮನೆಯವರು ಓಡಾಡಲೆಂದೇ ನಾಲ್ಕಡಿ ಓಣಿ ಬಿಟ್ಟಿದ್ದರು. ಪಕ್ಕದವರು ಸರ್ವೇಯರ್ ನೆಲದಲ್ಲಿ ಎಳೆದ ಗೆರೆಯನ್ನು ಬಹಳ ಹೊತ್ತು ನೋಡುತ್ತಾ ನಿಂತರು.

ತೀರ್ಪು ನಮ್ಮ ಕಡೆಗಾಯಿತು. ಅವರು ಅಪೀಲಿಗೆ ಹೋಗದೆ, ತಾವೇ ಆಳು ಕರೆಸಿ ಗೋಡೆ ಕೆಡವಿಸಿದರು.

ಆ ವಕೀಲರಿಗೆ ನಾವು ಋಣಿಗಳು, ನಿಜ. ಆದರೆ ಎರಡು ಸಲ ನಮ್ಮನ್ನು ಸೋಲಿಸಿ, ಮೂರನೆಯ ಸಲ ತಪ್ಪೊಪ್ಪಿಕೊಂಡ ಆ ಮುನ್ಸೀಫರನ್ನು ನಾನು ಇನ್ನೂ ಹೆಚ್ಚು ನೆನೆಯುತ್ತೇನೆ. ನಾನು ಮುಂದೆ ಮೇಷ್ಟ್ರಾದ ಮೇಲೆ, ಮಕ್ಕಳ ಮುಂದೆ ನನ್ನ ತಪ್ಪು ಒಪ್ಪಿಕೊಳ್ಳಬೇಕಾಗಿ ಬಂದಾಗಲೆಲ್ಲ ಅವರ ದನಿಯೇ ಧೈರ್ಯ ಕೊಟ್ಟಿದೆ.

ಗೋಡೆ ಹೋದ ಮಾರನೆಯ ದಿನ ಅಕ್ಕ ಯಾರನ್ನೂ ಕರೆಯದೆ ತಾನೇ ಗಾಡಿ ಓಡಿಸಿಕೊಂಡು ಓಣಿಗೆ ಬಂದಳು. ಪಕ್ಕದ ಮನೆಯಾಕೆ ಅಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅಕ್ಕನನ್ನು ಕಂಡು ಬಕೆಟ್ಟು ಪಕ್ಕಕ್ಕೆ ಸರಿಸಿ, "ಬಾಮ್ಮ, ಕಲ್ಲಿದೆ, ನಿಧಾನ," ಎಂದರು.